ಫುಲ್‌ಶೀರಿನ ಕುಂಟು ಎಂಜಿನ್

ಮೊನ್ನೆ ಆಸ್ಟಿನ್ ಪಕ್ಕದ ನಮ್ಮ ಸೀಡರ್ ಪಾರ್ಕಿನ ಟೈರ್ ಅಂಗಡಿಯಲ್ಲಿ ಕೂತಿದ್ದೆ. ನನ್ನ ಕಾರಿನ ಹಿಂದಿನ ಟೈರಿಗೆ ಮೊಳೆ ಹೊಕ್ಕಿದೆ ಎಂದು ನನಗೆ ಅನುಮಾನ. ಅವರು ನೋಡಿ ಇಲ್ಲ ಎಂದಿದ್ದರು. ಇನ್ನೊಂದು ಸಲ ನೋಡಿ ಎಂದು ನಾನು ಕೂತಿದ್ದೆ. ಒಳಗೆ ಯಾರೋ ಗಾಳಿ ಪೈಪಿನ ಬಾಯಿ ಬಿಟ್ಟರು. ಸ್ಸ್ ಎಂಬ ಒಂದೇ ಸಮನಾದ ಸದ್ದು. ನನ್ನ ಬಲಗೈ ತನ್ನಷ್ಟಕ್ಕೆ ಮೇಲೆದ್ದು ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸಿತು. ಪಕ್ಕದಲ್ಲಿದ್ದ ಟೋಪಿಯ ಮನುಷ್ಯ ಫೋನಿನಲ್ಲಿ ಮೊಮ್ಮಗುವಿನ ಫೋಟೋ ನೋಡುತ್ತಿದ್ದ. ಅದರ ಬಗ್ಗೆ ನನ್ನ ಅಭಿಪ್ರಾಯ ಇದು ಎಂದುಕೊಂಡನೋ ಏನೋ, ಎದ್ದು ಬೇರೆ ಕುರ್ಚಿಗೆ ಹೋದ.

ಹೆಬ್ಬೆರಳು ಕೆಳಗೆ ಎಂದರೆ ಗಾಳಿ ಜಾಸ್ತಿ ಆಯಿತು ಎಂದು. ಮೇಲೆ ಎಂದರೆ ಸಾಲದು. ಈ ಭಾಷೆ ಟೆಕ್ಸಸ್ಸಿನಲ್ಲಿ ನನಗೆ ಮತ್ತು ಶ್ರೀಕಂಠ ಅಂಕಲ್‌ಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅದನ್ನು ನಾವು ಆಡಿದ್ದು ನನಗೆ ಕೆಲಸ ಹೋದ ವರ್ಷದ ಬೇಸಿಗೆಯಲ್ಲಿ, ಹ್ಯೂಸ್ಟನ್ ಹತ್ತಿರದ ಫುಲ್‌ಶೀರಿನಲ್ಲಿದ್ದ ಅವರ ಗ್ಯಾರೇಜಿನಲ್ಲಿ.

ಅಂಕಲ್ ಮೈಸೂರಿನವರು. ಹ್ಯೂಸ್ಟನ್‌ನಲ್ಲಿ ಹೃದಯದ ಆಪರೇಷನ್ ಮಾಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಹೆಂಡತಿ ಗಂಗಾ ಆಂಟಿ ಧಾರವಾಡದವರು. ನಾನು ಎಂ.ಎಸ್. ಓದಲು ಮೊದಲ ಸಲ ಹ್ಯೂಸ್ಟನ್‌ನಲ್ಲಿ ಇಳಿದಾಗ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋಗಿ, ರೂಮು ಸಿಗುವವರೆಗೆ ಮನೆಯಲ್ಲಿ ಇಟ್ಟುಕೊಂಡವರು ಇವರೇ. ರಕ್ತಸಂಬಂಧ ಏನೂ ಇಲ್ಲ. ಆದರೂ ಜ್ವರ ಬಂದರೆ ನಾನು ಇವತ್ತಿಗೂ ಮೊದಲು ಮೆಸೇಜು ಮಾಡುವುದು ಅವರಿಗೇ. ಜ್ವರ ಬರುವ ಹಾಗಿದೆ ಅನಿಸಿದರೂ ಮಾಡುತ್ತೇನೆ.

ಆಸ್ಟಿನ್‌ನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಚಿಪ್ಪುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಒಂದು ಚಿಪ್ಪಿನಲ್ಲಿ ಏನೇನು ಕೆಡಬಹುದು ಎಂದು ಅದು ಕೆಡುವುದಕ್ಕೆ ಮೊದಲೇ ಯೋಚಿಸಬೇಕು. ಅಂದರೆ ಸಂಬಳ ಕೊಟ್ಟು ಚಿಂತೆ ಮಾಡಿಸುತ್ತಿದ್ದರು. ಆ ಏಪ್ರಿಲ್‌ನಲ್ಲಿ ಸಂಬಳ ನಿಲ್ಲಿಸಿದರು. ಚಿಂತೆಯನ್ನು ನಾನು ಹಾಗೇ ಮುಂದುವರಿಸಿದೆ. ಗಂಡ ಗಿರೀಶ ಒಂದು ವಾರ ಸಹಿಸಿಕೊಂಡ. ನಾನು ಫ್ರಿಜ್ಜಿಗೆ ಕಿವಿಯಿಟ್ಟು ನಿಂತದ್ದನ್ನು ನೋಡಿದ ದಿನ ಹೇಳಿದ: "ಸುಧಾ, ಶ್ರೀಕಂಠ ಅಂಕಲ್ ಯಾವುದೋ ಹಳೇ ಕಾರು ತರ್ತಿದ್ದಾರಂತೆ. ಹೋಗಿ ಒಂದೆರಡು ದಿನ ಇದ್ದು ಬಾ. ಆ ಫ್ರಿಜ್ಜಿಗೂ ರೆಸ್ಟ್ ಸಿಗುತ್ತೆ."

ಹಾಗಾಗಿ ಕಾರನ್ನು ತರಲು ಡಾಲಸ್‌ಗೆ ಅಂಕಲ್ ಜೊತೆ ಹೋದವಳು ನಾನೇ.

ಅದು ಇಟಲಿಯ ಕಾರು. ಎರಡೇ ಬಾಗಿಲು, ಉದ್ದನೆಯ ಮೂಗು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಕಾರಿನ ಹುಚ್ಚಿರುವವರು ನಾನು ಮಾಡಿದ ತಪ್ಪುಗಳನ್ನೆಲ್ಲ ವಿವರವಾಗಿ ನನಗೇ ಬರೆದು ಕಳಿಸುತ್ತಾರೆ. ಅಂಕಲ್ ಹುಟ್ಟಿದ ಕಾಲಕ್ಕೂ ನಾನು ಹುಟ್ಟಿದ ಕಾಲಕ್ಕೂ ನಡುವೆ ಎಲ್ಲೋ ಅದು ಹುಟ್ಟಿತ್ತು. ಬಣ್ಣ ಹಣ್ಣಾದ ನೇರಳೆಯ ಹಾಗೆ, ನೆರಳಿನಲ್ಲಿ ಕಪ್ಪು, ಬಿಸಿಲಿಗೆ ಬಂದರೆ ಒಳಗಿನಿಂದ ಕೆಂಪು. ಮೈಯಲ್ಲಿ ಎಲ್ಲಿಯೂ ಒಂದು ನೇರ ಗೆರೆ ಇರಲಿಲ್ಲ. ಬಾನೆಟ್ಟು ಎಷ್ಟು ತಗ್ಗಾಗಿತ್ತೆಂದರೆ ಅದರ ಕೆಳಗೆ ಎಂಟು ಸಿಲಿಂಡರಿನ ಎಂಜಿನ್ ಇದೆ ಎಂದು ನಂಬುವುದು ಕಷ್ಟ. ಕಾರಿನ ವಿನ್ಯಾಸದ ಚಿತ್ರ ಬರೆದವನು ಬಾನೆಟ್ಟು ಇಷ್ಟೇ ಎತ್ತರ ಎಂದು ಗೆರೆ ಎಳೆದುಬಿಟ್ಟನಂತೆ. ಎಂಜಿನಿಯರುಗಳು ಎಂಜಿನ್ನಿನ ಹೊಟ್ಟೆಯಲ್ಲಿದ್ದ ಆಯಿಲನ್ನೆಲ್ಲ ಪಕ್ಕದ ಒಂದು ಡಬ್ಬಿಗೆ ವರ್ಗಾಯಿಸಿ, ಆ ಹೊಟ್ಟೆಯನ್ನು ಚಪ್ಪಟೆ ಮಾಡಿ, ಇಡೀ ಎಂಜಿನ್ನನ್ನು ಕೆಳಕ್ಕೆ ಇಳಿಸಿದರಂತೆ. ದಾರಿಯುದ್ದಕ್ಕೂ ಅಂಕಲ್ ಇದನ್ನೇ ಹೇಳುತ್ತ ಬಂದಿದ್ದರು. "ಅವನು ಒಂದು ಗೆರೆ ಎಳೆದ ಅಂತ ಇವರು ಹೊಟ್ಟೆ ಖಾಲಿ ಮಾಡ್ಕೊಂಡ್ರು ನೋಡಮ್ಮ. ನಮ್ಮ ಆಸ್ಪತ್ರೇಲಿ ಯಾರಾದ್ರೂ ಹಾಗೆ ಮಾತು ಕೇಳಿದ್ರಾ?"

ಮಾರುತ್ತಿದ್ದದ್ದು ಒಬ್ಬ ವಯಸ್ಸಾದ ಬಿಳಿಯ ಹೆಂಗಸು. ಗಂಡ ತೀರಿಕೊಂಡಿದ್ದ. ಡ್ರೈವರ್ ಸೀಟಿನ ಚರ್ಮದಲ್ಲಿ ಅವನು ಕೂತ ತಗ್ಗು ಇನ್ನೂ ಹಾಗೇ ಇತ್ತು, ಬೆನ್ನು, ತೊಡೆ, ಎಡಕ್ಕೆ ಸ್ವಲ್ಪ ವಾಲಿಕೊಂಡದ್ದು ಸಹ. ನಾನು ಅದನ್ನೇ ನೋಡುತ್ತಿದ್ದೆ. ಆಕೆ ಮೆಲ್ಲಗೆ ಇಂಗ್ಲಿಷಿನಲ್ಲಿ, "ಹೌದು, ಅವರು ಇನ್ನೂ ಪೂರ್ತಿ ಇಳಿದಿಲ್ಲ" ಎಂದರು. ಕಾರಿನ ಮೂಗು ಹಿಂದಕ್ಕೆ ಬರುವ ಹಾಗೆ ಟ್ರೇಲರಿಗೆ ಏರಿಸಿ ಗೇಟು ದಾಟುವಾಗ ರಸ್ತೆಯ ಉಬ್ಬಿಗೆ ಕುಲುಕಿ ಅದರ ಮುಂದಿನ ಒಂದು ದೀಪದ ರೆಪ್ಪೆ ತಾನಾಗಿ ತೆರೆದುಕೊಂಡಿತು. ಆ ಕಾರಿನ ದೀಪಗಳು ಮೈಯೊಳಗೆ ಅಡಗಿರುತ್ತವೆ, ಬೇಕಾದಾಗ ಮಾತ್ರ ಏಳುತ್ತವೆ. ಒಂದೇ ಕಣ್ಣು ತೆರೆದುಕೊಂಡು ಅದು ಆ ಮನೆಯ ಕಡೆಗೇ ನೋಡುತ್ತ ಹೋಯಿತು. ವೈರಿಂಗ್ ಸಡಿಲ, ಅಷ್ಟೆ. ನನಗೆ ಗೊತ್ತು. ಆದರೂ ಹ್ಯೂಸ್ಟನ್ ತಲುಪುವವರೆಗೆ ಆ ಕಣ್ಣಿನ ಎದುರಿಗೆ ಬರದ ಹಾಗೆ ಟ್ರೇಲರಿಗಿಂತ ಮುಂದೆಯೇ ಡ್ರೈವ್ ಮಾಡಿದೆ.

ಅಂಕಲ್‌ಗೆ ಕಿವಿ ಹೋಗುತ್ತಿತ್ತು. ಅದು ಗುಟ್ಟೇನಲ್ಲ. ಬಲಗಿವಿ ಆಗಲೇ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ತಗ್ಗಿನ ಸದ್ದುಗಳು ಮಾತ್ರ ಉಳಿದಿದ್ದವು: ಗುಡುಗು, ಟ್ರಕ್ಕು, ತಮ್ಮದೇ ಕೆಮ್ಮು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಅಕ್ಟೋಬರಿನಲ್ಲಿ ಎಡಗಿವಿಗೆ ಆಪರೇಷನ್ ಎಂದು ನಿಗದಿಯಾಗಿತ್ತು. ಒಳಗೆ ಒಂದು ಸಾಧನ ಕೂರಿಸಿ, ಹೊರಗೆ ಕಿವಿಯ ಹಿಂದೆ ಇನ್ನೊಂದು. ಅದರ ಮೂಲಕ ಮಾತು ಮತ್ತೆ ಕೇಳಬಹುದು. ಆದರೆ ಕಿವಿಯಲ್ಲಿ ಈಗ ತಾನಾಗಿ ಉಳಿದಿರುವ ಅಷ್ಟಿಷ್ಟು ಹೋಗಿಬಿಡುವ ಸಾಧ್ಯತೆ ಹೆಚ್ಚು ಎಂದು ಸರ್ಜನ್ ಹೇಳಿದ್ದರು.

ಇದೆಲ್ಲ ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿಲ್ಲದ್ದು ನನಗೆ ತಿಳಿದದ್ದು ಮೇ ತಿಂಗಳಲ್ಲಿ, ಫೋನಿನಲ್ಲಿ.

ಮಧ್ಯಾಹ್ನ ನಾನು ಸೀಡರ್ ಪಾರ್ಕಿನ ಮನೆಯಲ್ಲಿ ಇಂಟರ್‌ವ್ಯೂಗೆ ಓದುತ್ತಿದ್ದೆ. ಅಂಕಲ್ ಕರೆ ಮಾಡಿದರು. ಕಿವಿ ಕೇಳದವರು ಕರೆ ಮಾಡಿದ್ದೇ ಗಾಬರಿ. "ಸುಧಾ, ಮಾತಾಡ್ಬೇಡ, ನಂಗೆ ಕೇಳ್ಸಲ್ಲ. ಫೋನ್‌ನ ಬಾನೆಟ್ ಮೇಲೆ ಇಡ್ತೀನಿ. ಎಂಜಿನ್ ಓಡ್ತಾ ಇದೆಯಾ ಇಲ್ವಾ, ಮೆಸೇಜ್ ಮಾಡು."

ಟಕ್ ಎಂದು ಫೋನು ತಗಡಿನ ಮೇಲೆ ಕೂತ ಸದ್ದು. ನಾನು ಕೇಳಿಸಿಕೊಂಡೆ. ಏನೂ ಇಲ್ಲ. ದೂರದಲ್ಲಿ ಆಂಟಿಯ ಕುಕ್ಕರು ಕೂಗಿತು. ಯಾವುದೋ ಹಕ್ಕಿ. ಮತ್ತೆ ಏನೂ ಇಲ್ಲದ್ದು. ಅಷ್ಟು ದೂರದಿಂದ ಒಂದು ತಣ್ಣಗಿನ ಬಾನೆಟ್ಟಿನ ಮೌನವನ್ನು ಕೇಳುತ್ತ ಕೂತಿದ್ದೆ. "ಇಲ್ಲ" ಎಂದು ಟೈಪ್ ಮಾಡಿದೆ.

"ಅಂದುಕೊಂಡೆ," ಎಂದು ಉತ್ತರ ಬಂತು.

ಆ ವಾರದ ಕೊನೆಗೆ ನಾನು ಹೋದಾಗ ಅವರು ಅದನ್ನು ಒಂದು ಕೇಸ್ ವಿವರಿಸುವ ಹಾಗೆ ವಿವರಿಸಿದರು. ಕಿವಿಯಿಂದ ಬರುವುದು ಕಡಿಮೆಯಾದರೆ ಮಿದುಳು ಸುಮ್ಮನಿರುವುದಿಲ್ಲ, ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ. ಕೆಲವರಿಗೆ ಭಜನೆ ಕೇಳುತ್ತದೆ, ಕೆಲವರಿಗೆ ಬ್ಯಾಂಡು. ಹುಚ್ಚಲ್ಲ. ಅಂಕಲ್‌ಗೆ ಕೇಳುತ್ತಿದ್ದದ್ದು ಈ ಕಾರಿನ ಎಂಜಿನ್.

"ಅದೂ ಸರಿಯಾಗಿ ಓಡೋ ಎಂಜಿನ್ ಅಲ್ಲಮ್ಮ," ಎಂದರು. ಅವರ ಮುಖದಲ್ಲಿ ನಾನು ಯಾವತ್ತೂ ಕಾಣದ ದೈನ್ಯ ಇತ್ತು. "ಈ ಕಾರು ಹ್ಯಾಗೆ ಕುಂಟುತ್ತೋ ಹಾಗೇ ಅದೂ ಕುಂಟುತ್ತೆ. ಡುಗು ಡುಗು ಡುಗು... ತಡೀತು. ಡುಗು ಡುಗು... ತಡೀತು. ಊಟ ಮಾಡುವಾಗ, ಸ್ನಾನ ಮಾಡುವಾಗ. ಕಿವಿಗೆ ಕೊನೇಲಿ ಹೋಗಿದ್ದು ಇದೇ ಅಲ್ವಾ, ಅದನ್ನೇ ಹಿಡ್ಕೊಂಡಿದೆ. ಆಪರೇಷನ್ ಆಗಿ ಈ ಕಿವಿ ಪೂರ್ತಿ ಹೋದ್ರೆ, ಸಾಯೋವರೆಗೂ ನಾನು ಈ ಕುಂಟು ಎಂಜಿನ್ನನ್ನೇ ಕೇಳ್ಕೊಂಡು ಕೂತಿರ್ಬೇಕಾ? ಅಷ್ಟರೊಳಗೆ ಇದು ಸರಿಯಾಗಿ ಓಡ್ಬೇಕು. ಒಂದೇ ಸಲ ಸಾಕು. ಒಳಗಿರೋದು ಅದನ್ನ ಕೇಳಿ ಕಲ್ತ್ಕೊಳ್ಳುತ್ತೇನೋ."

"ಹಾಗೆ ಕಲ್ತ್ಕೊಳ್ಳುತ್ತಾ ಅಂಕಲ್? ಪುಸ್ತಕದಲ್ಲಿ ಇದೆಯಾ?"

"ಪುಸ್ತಕದಲ್ಲಿ ಇಲ್ಲ. ನಾನು ಹೇಳ್ತಾ ಇದೀನಿ. ಒಂದು ಮಾತು ಕೊಡು. ನಾನು ಓಡ್ತಾ ಇದೆಯಾ ಅಂತ ಕೇಳಿದಾಗೆಲ್ಲ ನಿಜ ಹೇಳ್ಬೇಕು. ಸಮಾಧಾನ ಮಾಡ್ಬೇಡ. ಗಂಗಾ ಸಮಾಧಾನ ಮಾಡ್ತಾಳೆ."

ಒಳಗಿನಿಂದ ಆಂಟಿಯ ಧ್ವನಿ ಬಂತು: "ನಾ ಯಾವಾಗ ಮಾಡಿದ್ನೋ ಸಮಾಧಾನ! ಕೇಳಸ್ತದಂದ್ರ ಕೇಳಸ್ತದ ಬಿಡ್ರಿ, ಟಿವಿ ಬಿಲ್ ಉಳೀತು ಅಂದೆ. ಅಷ್ಟ."

ಅವರಿಗೆ ಅದು ಕೇಳಿಸಲಿಲ್ಲ.

ಹೀಗೆ ಆ ಬೇಸಿಗೆ ಶುರುವಾಯಿತು. ಶುಕ್ರವಾರ ಆಸ್ಟಿನ್‌ನಿಂದ ಹೊರಟರೆ ಭಾನುವಾರ ಸಂಜೆ ವಾಪಸು. ಅವರ ಬಡಾವಣೆ ಫುಲ್‌ಶೀರಿನ ತುದಿಯಲ್ಲಿತ್ತು. ಅವರ ಸಾಲಿನಲ್ಲಿ ಜನ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಉಳಿದವು ಕಟ್ಟಿ ಮುಗಿದು ಮಾರಾಟವಾಗದೆ ನಿಂತಿದ್ದವು. ಒಳಗೆ ಯಾರೂ ಇಲ್ಲದ ಮನೆಗಳ ಹುಲ್ಲಿಗೆ ಬೆಳಿಗ್ಗೆ ತಾನಾಗಿ ನೀರು ಚಿಮ್ಮುತ್ತಿತ್ತು. ವರಾಂಡದ ದೀಪಗಳು ಹಗಲಿನಲ್ಲೇ ಹತ್ತಿ ಹಗಲಿನಲ್ಲೇ ಆರುತ್ತಿದ್ದವು. ರಸ್ತೆ ಮುಗಿದಲ್ಲಿ ತಂತಿ ಬೇಲಿ, ಅದರಾಚೆ ದನಗಳು, ಅವುಗಳ ಮೇಲೆ ರಣಹದ್ದುಗಳ ಸುತ್ತು. ಬಿಸಿಲು ಹೇಗಿತ್ತೆಂದರೆ ಗ್ಯಾರೇಜಿನ ನೆಲದ ಮೇಲಿಟ್ಟ ಸ್ಪ್ಯಾನರನ್ನು ಬಟ್ಟೆ ಸುತ್ತಿ ಎತ್ತಬೇಕು.

ಆ ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿಕೊಡುವುದು ನಾಲ್ಕು ಕಾರ್ಬ್ಯುರೇಟರುಗಳು. ಒಂದೊಂದಕ್ಕೂ ಎರಡು ಗಂಟಲು, ಎಂಟು ಸಿಲಿಂಡರಿಗೆ ಎಂಟು. ಎಲ್ಲ ಗಂಟಲುಗಳೂ ಒಂದೇ ಸಮ ಉಸಿರೆಳೆದರೆ ಎಂಜಿನ್ ಸರಿಯಾಗಿ ಓಡುತ್ತದೆ. ಒಂದು ಹೆಚ್ಚು ಎಳೆದು ಇನ್ನೊಂದು ಕಡಿಮೆ ಎಳೆದರೆ ಕುಂಟುತ್ತದೆ. ಹಳೆಯ ಮೆಕ್ಯಾನಿಕ್‌ಗಳು ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಗಂಟಲಿಗಿಟ್ಟು ಇನ್ನೊಂದನ್ನು ಕಿವಿಗಿಟ್ಟು, ಉಸಿರಿನ ಸದ್ದು ಹೋಲಿಸಿ ಸ್ಕ್ರೂ ತಿರುಗಿಸುತ್ತಿದ್ದರಂತೆ. ಅಂಕಲ್ ತಮ್ಮ ಹಳೆಯ ಸ್ಟೆತಸ್ಕೋಪಿನ ಬಿಲ್ಲೆ ಕಿತ್ತು ಅಲ್ಲಿಗೆ ಉದ್ದನೆಯ ಟ್ಯೂಬು ಸಿಕ್ಕಿಸಿದ್ದರು. ಆದರೆ ಸ್ಸ್ ಎಂಬ ಸದ್ದೇ ಅವರ ಕಿವಿಯಿಂದ ಮೊದಲು ಹೋದದ್ದು. ಆದ್ದರಿಂದ ಸ್ಟೆತಸ್ಕೋಪು ನನ್ನ ಕಿವಿಗೆ ಬಂತು, ಸ್ಕ್ರೂಡ್ರೈವರು ಅವರ ಕೈಯಲ್ಲಿ ಉಳಿಯಿತು. ನಡುವೆ ನನ್ನ ಹೆಬ್ಬೆರಳು.

ಅಪರೂಪದ ಕೈ ಅವರದು. ಎಪ್ಪತ್ತು ದಾಟಿದ್ದರೂ ನಡುಗುತ್ತಿರಲಿಲ್ಲ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನನ್ನ ಮುಖ ನೋಡುವರು. ನಾನು ಬೆರಳು ತೋರಿಸುವೆ. ಮತ್ತೆ ಕೂದಲೆಳೆ. ಗಂಟೆಗಟ್ಟಲೆ. ನಾನು ಸುಮ್ಮನಿರಲಾರದೆ ಮನೆಯಿಂದ ಸೆನ್ಸರುಗಳನ್ನೂ ಲ್ಯಾಪ್‌ಟಾಪನ್ನೂ ತಂದು ನಾಲ್ಕಕ್ಕೂ ಜೋಡಿಸಿದೆ. ಪರದೆಯ ಮೇಲೆ ನಾಲ್ಕು ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಗೆರೆಯಾದವು. ಎಂಜಿನ್ ಬೆಣ್ಣೆಯ ಹಾಗೆ ಓಡುತ್ತಿತ್ತು. ಅಂಕಲ್ ಅಂಗೈಯನ್ನು ಮಡ್‌ಗಾರ್ಡಿನ ಮೇಲಿಟ್ಟು ಕಣ್ಣು ಮುಚ್ಚಿದರು. "ಬಾನೆಟ್ ಮುಚ್ಚು, ಹೋಗೋಣ" ಎಂದರು.

ಬಡಾವಣೆಯ ಗೇಟು ದಾಟುವ ಮೊದಲೇ ಅದು ಕುಂಟತೊಡಗಿತು.

ವಾಪಸು ಬಂದು ಬಾನೆಟ್ಟು ಎತ್ತಿ, ಟ್ಯೂಬು ಹಾಕಿ, ಕೇಳಿದರೆ ಎಲ್ಲ ಸರಿ. ಡಾಕ್ಟರ ಮುಂದೆ ಕೂತ ಕೂಡಲೇ ಹುಷಾರಾಗುವ ರೋಗಿ. ಜೂನ್ ಪೂರ್ತಿ ಹೀಗೇ ಆಯಿತು. ಜುಲೈಯಲ್ಲಿ ಪ್ಲಗ್ಗುಗಳನ್ನು ಬದಲಾಯಿಸಿದೆವು, ವೈರುಗಳನ್ನು ಬದಲಾಯಿಸಿದೆವು, ಪೆಟ್ರೋಲ್ ಪಂಪನ್ನು ಬಿಚ್ಚಿ ಜೋಡಿಸಿದೆವು. ಬಾನೆಟ್ಟು ಎತ್ತಿದಾಗ ಓಡುತ್ತದೆ, ರಸ್ತೆಗೆ ಹೋದರೆ ಕುಂಟುತ್ತದೆ. ಬಿಡಿ, ಈಗ ಬರೆಯುವಾಗ ನನಗೂ ನಾಚಿಕೆ. ಆದರೆ ನಮ್ಮಿಬ್ಬರ ಕಸುಬೂ ಅಂಥದು. ಅವರು ನಲವತ್ತು ವರ್ಷ ಎದೆ ತೆರೆದಿಟ್ಟು ನೋಡಿ ರಿಪೇರಿ ಮಾಡಿದವರು. ನಾನು ಬೋರ್ಡನ್ನು ಡಬ್ಬಿಯಿಂದ ಹೊರಗೆಳೆದು ಮೇಜಿನ ಮೇಲೆ ಹರಡಿ ಪರೀಕ್ಷೆ ಮಾಡುವವಳು. ಮುಚ್ಚಿಟ್ಟು ಕೇಳಬೇಕು ಎಂಬುದು ನಮ್ಮಿಬ್ಬರ ತಲೆಗೂ ಬರಲಿಲ್ಲ.

ಆ ದಿನಗಳಲ್ಲಿ ಮೆಸೇಜುಗಳು ಹೆಚ್ಚಾದವು. "ಈಗ?" ಎಂದು ಅವರದು. "ಇಲ್ಲ" ಎಂದು ನನ್ನದು. ನಾನು ಅಲ್ಲೇ ಇದ್ದಾಗಲೂ ಕೇಳುತ್ತಿದ್ದರು. ಒಮ್ಮೆ ಊಟಕ್ಕೆ ಕೂತಾಗ ತುತ್ತು ಕೈಯಲ್ಲಿ ಹಿಡಿದೇ ಗ್ಯಾರೇಜಿನ ಬಾಗಿಲ ಕಡೆ ತಿರುಗಿದರು. "ಓಡ್ತಾ ಇದೆಯಾ?"

"ಇಲ್ಲ ಅಂಕಲ್."

"ಮತ್ತೆ ಯಾರೋ ರೇಸ್ ಮಾಡಿದ ಹಾಗಾಯ್ತಲ್ಲ."

ಆಂಟಿ ಎದ್ದು ಹೋಗಿ ಗ್ಯಾರೇಜಿನ ಬಾಗಿಲು ತೆರೆದು ನೋಡಿ ಬಂದು ಕೂತರು. "ಯಾರೂ ಇಲ್ಲ. ನಿಂತದ." ಆಮೇಲೆ ಮುಖ ಈಚೆ ತಿರುಗಿಸಿ, ಅವರಿಗೆ ತುಟಿ ಕಾಣದ ಹಾಗೆ, ನನಗೆ ಹೇಳಿದರು: "ದಿನಾ ನೋಡಿ ನೋಡಿ ನನಗೂ ಒಂದ್ ಸಲ ಕೇಳಿಸ್ದಂಗ ಆತವಾ. ಹೋಗಿ ಬಾನೆಟ್ ಮುಟ್ಟಿ ನೋಡಿ ಬಂದೀನಿ. ಯಾರಿಗೂ ಹೇಳಬ್ಯಾಡ."

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಸೀಟಿನಲ್ಲಿದ್ದ ಆ ತಗ್ಗು ಬೇರೆ. ಅಂಕಲ್ ಅದರಲ್ಲಿ ಕೂರುವಾಗ ಅವರೂ ಸ್ವಲ್ಪ ಎಡಕ್ಕೆ ವಾಲುತ್ತಿದ್ದರು. ಚರ್ಮದ ಆಕಾರವೇ ಹಾಗೆ ಕೂರಿಸುತ್ತದೆ. ಆದರೆ ಹಿಂದಿನಿಂದ ನೋಡುವಾಗ, ಡಾಲಸ್‌ನ ಮನುಷ್ಯ ಹೀಗೇ ಕಾಣುತ್ತಿದ್ದನೇನೋ ಎಂದು ಅನಿಸಿಬಿಡುತ್ತಿತ್ತು.

ಆಗಸ್ಟ್ ಕಳೆಯಿತು. ನನಗೆ ಎರಡು ಇಂಟರ್‌ವ್ಯೂಗಳಾದವು. ಎರಡರಲ್ಲೂ ನಾನು ಬೇಕಾದ್ದಕ್ಕಿಂತ ಹೆಚ್ಚು ಅಪಾಯಗಳನ್ನು ವಿವರಿಸಿದೆ. ಸೆಪ್ಟೆಂಬರ್ ಬಂದಾಗ ಅಂಕಲ್ ಹೇಳಿದರು, "ಸಾಕಮ್ಮ. ನಮ್ಮ ಕೈಲಿ ಆಗಲ್ಲ." ಎಡಗಿವಿಯೂ ಇಳಿಯುತ್ತಿತ್ತು. ಗುಡುಗು ಈಗ ಅವರಿಗೆ ಪಾದದಲ್ಲಿ ಮಾತ್ರ ತಿಳಿಯುತ್ತಿತ್ತು. ಆದರೆ ಎಂಜಿನ್ನಿನ ಹತ್ತಿರ ಬಾಗಿ ನಿಂತರೆ ಇನ್ನೂ ಕೇಳುತ್ತದೆ ಎನ್ನುತ್ತಿದ್ದರು.

ಅದು ಸರಿಯಾದದ್ದು ನನ್ನ ಬುದ್ಧಿಯಿಂದಲ್ಲ, ಭಯದಿಂದ. ಒಂದು ಶನಿವಾರ ಮಧ್ಯಾಹ್ನ ಗಲ್ಫ್ ಕಡೆಯಿಂದ ಜೋರು ಗಾಳಿ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಎತ್ತಿದ ಬಾನೆಟ್ಟು ತುಸು ತುಸುವೇ ಅಲ್ಲಾಡುತ್ತಿತ್ತು, ಅದರ ಕೆಳಗೆ ಅಂಕಲ್‌ರ ತಲೆ. ಬಾನೆಟ್ಟನ್ನು ಹಿಡಿದು ನಿಲ್ಲಿಸಿದ ಕಡ್ಡಿಯ ಮೇಲೆ ನನಗೆ ಮೊದಲ ದಿನದಿಂದಲೂ ವಿಶ್ವಾಸವಿರಲಿಲ್ಲ. ಇನ್ನು ತಡೆಯಲಾಗಲಿಲ್ಲ. ಅವರ ಭುಜ ಹಿಡಿದು ಹಿಂದಕ್ಕೆ ಎಳೆದು ಬಾನೆಟ್ಟನ್ನು ಕೆಳಗಿಳಿಸಿ ಮುಚ್ಚಿಬಿಟ್ಟೆ. ಎಂಜಿನ್ ಓಡುತ್ತಲೇ ಇತ್ತು. ಟ್ಯೂಬು ಒಳಗೇ ಇತ್ತು. ಕಾರಿನ ಮುಂದಿನ ಗಾಜಿನ ಬುಡದ ಸಂದಿನಿಂದ ಹೊರಬಂದು ನನ್ನ ಕಿವಿಯವರೆಗೆ.

"ಏನು ಮಾಡ್ತಿದೀಯ?"

"ನಿಮ್ಮ ತಲೆ ಉಳಿಸ್ತಿದೀನಿ ಅಂಕಲ್."

"ಆ ತಲೆ ಇಟ್ಕೊಂಡು ಏನು ಮಾಡ್ಲಿ, ಅದರೊಳಗೂ ಇದೇ ಓಡ್ತಿದೆ," ಎಂದು ಗೊಣಗುತ್ತ ಅವರು ಸ್ಟೂಲಿನ ಮೇಲೆ ಕೂತರು. ನಾನು ಗಾಳಿ ನಿಲ್ಲಲಿ ಎಂದು ಕಾಯುತ್ತ ನಿಂತೆ. ಕಿವಿಯಲ್ಲಿ ಸ್ಸ್ ಎಂಬುದು ಸಮನಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ನಡುವೆ ಒಂದು ಗುಳುಕ್ ಎಂಬ ಸದ್ದು. ಮತ್ತೊಂದು. ಆಮೇಲೆ ಒಲೆಯ ಮೇಲೆ ಸಾರು ಕುದಿಯುವಾಗ ಬರುವ ಹಾಗೆ ಗುಳುಗುಳು. ಎಂಜಿನ್ ತಡವರಿಸಿತು. ಕುಂಟಿತು.

ನಾನು ಅವರ ಎದುರಿಗೆ ಹೋಗಿ ಬಾಯಿ ಅಗಲಿಸಿ ಹೇಳಿದೆ: "ಅಂಕಲ್! ಒಳಗೆ ಏನೋ ಕುದೀತಿದೆ!"

ಅವರು ನನ್ನ ತುಟಿಯನ್ನು ನೋಡಿದರು. ಎದ್ದು ಬಾನೆಟ್ಟಿನ ಮೇಲೆ ಕೈಯಿಟ್ಟರು. ಕೈ ಸುಟ್ಟುಕೊಂಡರು. ಆಮೇಲೆ ನಗತೊಡಗಿದರು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು.

ಮುಚ್ಚಿದಾಗ ಎಂಜಿನ್ನಿನ ಬಿಸಿ ಮೇಲೇರಿ ಕಾರ್ಬ್ಯುರೇಟರುಗಳಲ್ಲಿದ್ದ ಪೆಟ್ರೋಲನ್ನು ಕುದಿಸುತ್ತಿತ್ತು. ಬಾನೆಟ್ಟು ಎತ್ತಿದ ಕೂಡಲೇ ಆರುತ್ತಿತ್ತು. ಇಷ್ಟು ತಗ್ಗಿನ ಬಾನೆಟ್ಟು ಮಾಡಿದವರಿಗೆ ಇದು ತಿಳಿಯದೆ ಇರುತ್ತದೆಯೇ? ಎಂಜಿನ್ ಆರಿದ ಮೇಲೆ ಟಾರ್ಚು ಹಿಡಿದು ಕಾರ್ಬ್ಯುರೇಟರುಗಳ ಬುಡ ನೋಡಿದೆವು. ಅಲ್ಲಿ ಬೋಲ್ಟ್ ಇಲ್ಲದ ಖಾಲಿ ತೂತುಗಳಿದ್ದವು. ಎಂಜಿನ್ನಿಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ತಗಡು ಇರಬೇಕಿತ್ತು, ಬಿಸಿ ತಡೆಯಲು. ಯಾವ ಕಾಲದಲ್ಲೋ ಯಾರೋ ಬಿಚ್ಚಿದವರು ಅದನ್ನು ಮತ್ತೆ ಹಾಕಿರಲಿಲ್ಲ. ಗೆರೆ ಎಳೆದವನ ಹಟಕ್ಕೂ ಬಿಸಿಗೂ ನಡುವೆ ರಾಜಿ ಮಾಡಿಸಿ ಕೂರಿಸಿದ್ದ ತಗಡು ಅದೊಂದೇ. ಡಾಲಸ್‌ನ ಆ ಮನುಷ್ಯನೂ ಇದೇ ಕುಂಟುವಿಕೆಯನ್ನು ಕೇಳುತ್ತ ಕೇಳುತ್ತ ಹೋಗಿರಬೇಕು.

ಹೊಸ ತಗಡು ತರಿಸಲು ಇಟಲಿಗೆ ಬರೆದರೆ ಆಪರೇಷನ್ ಮುಗಿದ ಮೇಲೆ ಬರುತ್ತಿತ್ತು. ಅಂಕಲ್ ಅಡಿಗೆ ಮನೆಗೆ ಹೋದರು. ದೀಪಾವಳಿಗೆ ನಾನ್‌ಖಟಾಯಿ ಬೇಯಿಸುವ ಆಂಟಿಯ ಅಲ್ಯುಮಿನಿಯಂ ಟ್ರೇ ಹಿಡಿದು ಬಂದರು. ಹಿಂದೆಯೇ ಆಂಟಿ.

"ಏನ್ರೀ ಅದು? ಇಡ್ರಿ ಕೆಳಗ."

"ಗಂಗಾ, ಇದು ಬೇಕು."

"ನಿಮ್ಮ ಕಾರಿಗೆ ಬುದ್ಧಿ ಇಲ್ಲಂದ್ರ ನನ್ನ ಟ್ರೇ ಯಾಕ? ಅಂಗಡ್ಯಾಗ ಸಿಗೂದಿಲ್ಲೇನು ತಗಡು?"

ಅವರು ತುಟಿ ನೋಡಲೇ ಇಲ್ಲ. ನೋಡಿದರೆ ಟ್ರೇ ಹೋಗುತ್ತದೆ ಎಂದು ಗೊತ್ತಿತ್ತು. ನಾನು ಅಳತೆ ಹಾಕಿದೆ, ಅವರು ಕತ್ತರಿಸಿದರು, ಅಂಚು ಮಡಿಸಿದರು. ಕಾರ್ಬ್ಯುರೇಟರುಗಳನ್ನೆಲ್ಲ ಇಳಿಸಿ, ಅದನ್ನು ಕೆಳಗೆ ಹಾಸಿ, ಮತ್ತೆ ಏರಿಸುವುದಕ್ಕೆ ಎರಡು ವಾರಾಂತ್ಯ ಹಿಡಿಯಿತು. ಮೊದಲ ಸಲ ಬಿಸಿಯಾದಾಗ ಗ್ಯಾರೇಜಿನ ತುಂಬ ತುಪ್ಪ, ಏಲಕ್ಕಿಯ ವಾಸನೆ. ಆಂಟಿ ಬಾಗಿಲಲ್ಲಿ ನಿಂತು ಮೂಗರಳಿಸಿ, "ಬೆಂದದ. ಇಳಸ್ರಿ," ಎಂದು ಒಳಗೆ ಹೋದರು.

ಆಪರೇಷನ್ನಿಗೆ ಮುಂಚಿನ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ಡ್ರೈವ್ ಮಾಡಿದ್ದು ಅವರು. ನಾನು ಪಕ್ಕದಲ್ಲಿ ಬೆಲ್ಟನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದೆ. ಗೇಟು ದಾಟಿತು. ಕುಂಟಲಿಲ್ಲ. ಬ್ರೇಜೋಸ್ ನದಿಯ ಕಡೆಯ ರಸ್ತೆಗೆ ತಿರುಗಿದೆವು, ಎರಡೂ ಕಡೆ ಕೊಯ್ಲು ಮುಗಿದ ಹೊಲ, ಎದುರಿಗೆ ಯಾರೂ ಇಲ್ಲ. ಅವರು ಒಂದೊಂದೇ ಗೇರು ಏರಿಸಿದರು. ಆ ಸದ್ದನ್ನು ಹೇಗೆ ಬರೆಯಲಿ? ಎಂಟು ಸದ್ದುಗಳು ಒಂದಾದವು ಎಂದರೆ ಲೆಕ್ಕ ಹೇಳಿದ ಹಾಗಾಗುತ್ತದೆ. ತಂಬೂರಿಯ ತಂತಿಗಳು ಸೇರಿದಾಗ ಯಾವ ತಂತಿ ಎಂದು ಹುಡುಕುವುದನ್ನು ಕಿವಿ ಬಿಟ್ಟುಬಿಡುತ್ತದಲ್ಲ, ಹಾಗೆ. ಅದು ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಬಂತು. ನಾನು ಅವರತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದೆ.

"ಏನೂ ಹೇಳ್ಬೇಡ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ಕೇಳ್ತಾ ಇದೆ."

ನಾನು ನನ್ನ ಜೀವನದಲ್ಲಿ ಮೊದಲ ಸಲ ಅಷ್ಟು ವೇಗದಲ್ಲಿ ಹೋಗುತ್ತ ಏನೂ ಯೋಚಿಸದೆ ಕೂತಿದ್ದೆ. ಹಾಗೆ ಕೂತಿದ್ದೇನೆ ಎಂದು ಹೊಳೆದ ಕೂಡಲೇ ಮತ್ತೆ ಹೆದರಿದೆ.

ಗ್ಯಾರೇಜಿಗೆ ಬಂದು ನಿಲ್ಲಿಸಿದರು. ಕೀಲಿ ತಿರುಗಿಸಿದರು. ಎಂಜಿನ್ ನಿಂತಿತು. ಕಾದ ಲೋಹ ಆರುವಾಗಿನ ಟಿಕ್ ಟಿಕ್ ಮಾತ್ರ. ಅವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು, ಸ್ವಲ್ಪ ಎಡಕ್ಕೆ ವಾಲಿಕೊಂಡು. ನಾನು ಇಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಓಡ್ತಾ ಇದೆಯಾ?"

ಇದೆ ಎಂದುಬಿಡಬೇಕು ಎನಿಸಿತು. ಆದರೆ ಮಾತು ಕೊಟ್ಟಿದ್ದೆ. "ಇಲ್ಲ ಅಂಕಲ್. ನಿಂತಿದೆ."

"ನಿಂತಿದೆ ತಾನೆ? ಖಂಡಿತ?"

"ಖಂಡಿತ."

ಅವರು ತಲೆಯಾಡಿಸಿದರು. "ಕುಂಟ್ತಾ ಇಲ್ಲಮ್ಮ," ಎಂದರು. ಅವರ ಕಣ್ಣು ಒದ್ದೆಯಾಗಿರಲಿಲ್ಲ. ಒಗಟು ಬಿಡಿಸಿದ ಹುಡುಗನ ಹಾಗೆ ಹೊಳೆಯುತ್ತಿತ್ತು. "ಕುಂಟ್ತಾ ಇಲ್ಲ."

ಆ ಪ್ರಶ್ನೆಯನ್ನು ಅವರು ಆಮೇಲೆ ಕೇಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಸರ್ಜನ್ ಹೇಳಿದ ಹಾಗೆ ಉಳಿದಿದ್ದದ್ದು ಹೋಯಿತು, ಹೊಸದು ಬಂತು. ಕಿವಿಯ ಹಿಂದಿನ ಸಾಧನ ಹಾಕಿಕೊಂಡರೆ ಈಗ ಫೋನಿನಲ್ಲೂ ಮಾತಾಡುತ್ತಾರೆ. ನನ್ನ ಧ್ವನಿ ನೆಗಡಿಯಾದ ಬಾತುಕೋಳಿಯ ಹಾಗೆ ಕೇಳುತ್ತದಂತೆ. ಗಂಗಾ ಆಂಟಿಯದು ಸ್ಟೇಷನ್ ಸರಿಯಾಗಿ ಸಿಗದ ಆಕಾಶವಾಣಿಯ ಹಾಗೆ. ನನಗೆ ಡಿಸೆಂಬರಿನಲ್ಲಿ ಕೆಲಸ ಸಿಕ್ಕಿತು, ಮತ್ತೆ ಸಂಬಳಕ್ಕೆ ಚಿಂತೆ ಮಾಡತೊಡಗಿದೆ.

ಜನವರಿಯಲ್ಲಿ, ಚಳಿ ಹಿಡಿದ ಒಂದು ಶನಿವಾರ, ಹೋಗಿದ್ದೆ. ಅಂಕಲ್ ಎಲ್ಲಿ ಎಂದು ಕೇಳಿದೆ. ಆಂಟಿ ಊಟದ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಿವಿಯ ಸಾಧನವನ್ನು ತೋರಿಸಿದರು. "ಮಧ್ಯಾಹ್ನ ಊಟ ಆತಂದ್ರ ಇದನ್ನ ತಗದಿಡ್ತಾರ. ಹೋಗಿ ಕಾರ್‌ನಾಗ ಕುಂದರತಾರ. ನನಗ ಜೋರಾಗಿ ಮಾತಾಡಿ ಮಾತಾಡಿ ರೂಢಿ ಆಗಿತ್ತು, ಈಗ ಕಿವಿ ಬಂದದ್ದರಿಂದ ಬಯ್ಯಾಕೂ ಆಗವಲ್ದು. ಆ ಒಂದ್ ತಾಸಿನ್ಯಾಗ ಬೇಕಾದಂಗ ಬೈತೀನಿ."

ಚಹಾ ಸೋಸಿ, ಎರಡು ಕಪ್ಪು ಹಿಡಿದುಕೊಂಡು ಅವರು ಗ್ಯಾರೇಜಿಗೆ ಹೊರಟರು. ನಾನು ಹಿಂದೆ ಹೋಗಿ ಬಾಗಿಲಲ್ಲೇ ನಿಂತೆ. ಹೊರಗಿನ ದೊಡ್ಡ ಬಾಗಿಲು ಮುಚ್ಚಿತ್ತು. ಕಾರಿನಲ್ಲಿ ಕೀಲಿ ಇರಲಿಲ್ಲ, ಅದು ಅಡಿಗೆ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದದ್ದನ್ನು ನಾನು ನೋಡಿಯೇ ಬಂದಿದ್ದೆ. ಅಂಕಲ್ ಸ್ಟೇರಿಂಗ್ ಹಿಡಿದು ಮುಂದಿನ ಗೋಡೆಯ ಕಡೆ ನೋಡುತ್ತಿದ್ದರು. ಬಲಗೈ ಇಳಿದು ಗೇರು ಏರಿಸಿತು. ಅಷ್ಟು ನಿಶ್ಶಬ್ದ ನಾನು ಕೇಳಿಲ್ಲ. ಆದರೂ, ಓಡುತ್ತಿದೆಯಾ ಎಂದು ಯಾರಾದರೂ ಆಗ ನನ್ನನ್ನು ಕೇಳಿದ್ದರೆ, ಇಲ್ಲ ಎಂದು ನಾನು ಅಷ್ಟು ಖಂಡಿತವಾಗಿ ಹೇಳುತ್ತಿರಲಿಲ್ಲ.

ಆಂಟಿ ಆ ಕಡೆಯ ಬಾಗಿಲು ತೆರೆದು, ಸೆರಗು ಸಿಕ್ಕಿಹಾಕಿಕೊಳ್ಳದ ಹಾಗೆ ಒಳಗೆ ಎಳೆದುಕೊಂಡು, ಪಕ್ಕದಲ್ಲಿ ಕೂತರು. ಒಂದು ಕಪ್ಪನ್ನು ಅವರ ಕೈಗೆ ಕೊಟ್ಟರು. ಸ್ವಲ್ಪ ಹೊತ್ತು ತಾವೂ ಗೋಡೆಯನ್ನು ನೋಡಿದರು. ಆಮೇಲೆ ಅವರ ತೋಳಿನ ಮೇಲೆ ಕೈಯಿಟ್ಟು, ಮುಖ ಅವರ ಕಡೆ ತಿರುಗಿಸಿ, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು:

"ಸ್ವಲ್ಪ ಸಾವಕಾಶ ಹೊಡೀರಿ. ಚಹಾ ಚೆಲ್ಲತದ."

ಅಂಕಲ್ ಪೆಡಲಿನ ಮೇಲಿದ್ದ ಪಾದವನ್ನು ಮೆಲ್ಲಗೆ ಸಡಿಲಿಸಿದ್ದು ನಾನು ನಿಂತಲ್ಲಿಗೂ ಕಾಣಿಸಿತು.